24 ವಯಸ್ಸು, ಎದೆಯಲ್ಲಿ ಗಂಟು, ರಿಪೋರ್ಟ್‌ನಲ್ಲಿ ಬೈರ್ಯಾಡ್ಸ್ 3. ಮದುವೆಗೆ ಮುಂಚೆ ತೆಗೆಸಲೇಬೇಕಾ?

ಬೆಣ್ಣೆದೋಸೆ24:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಕೇಳಿದರೆ ಗಲಾಟೆ, ಗೂಗಲ್ ಮಾಡಿದರೆ ಹೆದರಿಕೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ವಯಸ್ಸು 24, ಊರು ದಾವಣಗೆರೆ, ಬೆಂಗಳೂರಲ್ಲಿ ಪಿಜಿಯಲ್ಲಿದ್ದು ಕೆಲಸ ಮಾಡುತ್ತೇನೆ. ಹೋದ ತಿಂಗಳು ಸ್ನಾನ ಮಾಡುವಾಗ ಎಡಗಡೆ ಎದೆಯಲ್ಲಿ, ಕಂಕುಳ ಕಡೆಗೆ, ಒಂದು ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ಒತ್ತಿದರೆ ಗೋಲಿ ತರ ಆ ಕಡೆ ಈ ಕಡೆ ಜಾರುತ್ತದೆ.

ಪಿಜಿ ಹತ್ತಿರದ ಒಂದು ಆಸ್ಪತ್ರೆಗೆ ಹೋದೆ. ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿದರು. ರಿಪೋರ್ಟ್‌ನಲ್ಲಿ ಇರುವುದನ್ನು ಹಾಗೇ ಬರೆಯುತ್ತಿದ್ದೇನೆ: ಎಡಭಾಗ, 2 ಓಕ್ಲಾಕ್ ಪೊಸಿಷನ್, 22 x 13 ಮಿಮೀ, ಓವಲ್, ವೆಲ್ ಸರ್ಕಮ್‌ಸ್ಕ್ರೈಬ್ಡ್, ಹೈಪೋಎಕೋಯಿಕ್ ಲೀಶನ್, ವೈಡರ್ ದ್ಯಾನ್ ಟಾಲ್. ಬಲಭಾಗ, ಎರಡು ಸಿಂಪಲ್ ಸಿಸ್ಟ್, ದೊಡ್ಡದು 6 ಮಿಮೀ. ಕೊನೆಗೆ ಫೈಬ್ರೋಅಡಿನೋಮಾ, ಬೈರ್ಯಾಡ್ಸ್ 3 ಅಂತ ಇದೆ.

ಡಾಕ್ಟರ್ ರಿಪೋರ್ಟ್ ನೋಡಿದರು, ನನ್ನ ಮುಖ ಕೂಡ ಸರಿಯಾಗಿ ನೋಡಲಿಲ್ಲ, "ತೆಗೆಸಿಬಿಡಿ, ನಾಳೆನೇ ಅಡ್ಮಿಟ್ ಆಗಿ" ಅಂದರು. ಪ್ಯಾಕೇಜ್ ರೇಟ್ ಬರೆದ ಚೀಟಿ ಕೂಡ ಕೈಗೆ ಬಂತು. ಅಮ್ಮನಿಗೆ ಹೇಳಿದೆ. ಅವರು ಕಿದ್ವಾಯಿಗೆ ಹೋಗಬೇಕಾ ಅಂತ ಅಳೋಕೆ ಶುರು ಮಾಡಿದರು. ಈಗ ಅಳು ನಿಂತಿದೆ, ಆದರೆ ನಿಶ್ಚಿತಾರ್ಥ ಆಗಿದೆಯಲ್ಲ, ಮಾಘದಲ್ಲಿ ಮದುವೆ, ಅದಕ್ಕೆ ಮುಂಚೆ ತೆಗೆಸಿ ಮುಗಿಸು ಅಂತ ದಿನಾ ಫೋನ್. ದೊಡ್ಡಮ್ಮ ಮ್ಯಾಮೋಗ್ರಾಮ್ ಮಾಡಿಸು ಅನ್ನುತ್ತಾರೆ. ರೂಮ್‌ಮೇಟ್ ಸೂಜಿ ಟೆಸ್ಟ್ ಮಾತ್ರ ಬೇಡ, ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅನ್ನುತ್ತಾಳೆ. ಯಾರ ಮಾತು ಕೇಳಲಿ? ತೆಗೆಸಲೇಬೇಕಾ? ಬಿಟ್ಟರೆ ಮುಂದೆ ಮಗುವಿಗೆ ಹಾಲು ಕೊಡೋಕೆ ತೊಂದರೆ ಆಗುತ್ತಾ?

ಸ್ಕ್ಯಾನ್‌ರೂಮ್:

ನಾನು ಹುಬ್ಬಳ್ಳಿಯಲ್ಲಿ ಸ್ಕ್ಯಾನಿಂಗ್ ಡಾಕ್ಟರ್. ದಿನಾ ನೋಡುವ ಕೇಸ್ ಇದು. ನಿಮ್ಮ ಎದೆ ಮುಟ್ಟಿ ನೋಡದೆ ಹೀಗೇ ಅಂತ ಹೇಳೋಕೆ ಆಗಲ್ಲ, ಆದರೆ ರಿಪೋರ್ಟ್ ಓದಿ ಹೇಳಬಲ್ಲೆ.

2 ಓಕ್ಲಾಕ್ ಅಂದರೆ ಎದೆಯನ್ನು ಗಡಿಯಾರದ ಮುಖ ಅಂತ ಇಟ್ಟುಕೊಂಡು ಜಾಗ ಗುರುತು ಹಾಕೋದು, ಅಷ್ಟೇ. ಹೈಪೋಎಕೋಯಿಕ್ ಲೀಶನ್ ಅಂದರೆ ಸ್ಕ್ಯಾನ್‌ನಲ್ಲಿ ಸುತ್ತಲಿನದಕ್ಕಿಂತ ಕಪ್ಪಗೆ ಕಾಣುವ ಗಂಟು. ಓವಲ್, ಅಂಚು ನೀಟಾಗಿದೆ, ಎತ್ತರಕ್ಕಿಂತ ಅಗಲ ಜಾಸ್ತಿ. ಈ ಮೂರೂ ಒಳ್ಳೆಯ ಲಕ್ಷಣಗಳು. ನಾವು ಹೆದರುವ ಗಂಟು ಅಂಚು ಒಡೆದುಕೊಂಡು, ಸುತ್ತಲಿನ ಪದರಗಳನ್ನು ಸೀಳಿ ಮೇಲಕ್ಕೆ ಬೆಳೆದಿರುತ್ತದೆ. ಬೈರ್ಯಾಡ್ಸ್ 3 ಅಂದರೆ ಮೂರನೇ ಸ್ಟೇಜ್ ಅಲ್ಲ ಮತ್ತೆ! ನಮ್ಮ ರೂಮಿಂದ ಹೊರಗೆ ಹೋದವರು ಆ 3 ನೋಡಿ ಅಲ್ಲೇ ಕುಸಿದು ಕೂತಿದ್ದಾರೆ. ಅದು ರಿಪೋರ್ಟ್‌ನ ದರ್ಜೆ. 2 ಅಂದರೆ ಖಂಡಿತ ತೊಂದರೆ ಇಲ್ಲದ್ದು. 3 ಅಂದರೆ ಹೆಚ್ಚುಕಮ್ಮಿ ತೊಂದರೆ ಇಲ್ಲದ್ದು, ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇ. 2 ಅಥವಾ ಅದಕ್ಕಿಂತ ಕಡಿಮೆ. 4 ಬಂದರೆ ಸೂಜಿ ಟೆಸ್ಟ್ ಆಗಲೇಬೇಕು. ಆ ಶೇ. 2 ಕೂಡ ಎಲ್ಲ ವಯಸ್ಸಿನವರನ್ನೂ ಸೇರಿಸಿದ ಲೆಕ್ಕ, 24ರ ಹುಡುಗಿಯಲ್ಲಿ ಇನ್ನೂ ಕಡಿಮೆ.

ಫೈಬ್ರೋಅಡಿನೋಮಾ 15ರಿಂದ 35ರ ಒಳಗಿನವರಲ್ಲಿ ತುಂಬಾ ಸಾಮಾನ್ಯ. ಹಾಲಿನ ಗ್ರಂಥಿ ಮತ್ತು ಅದರ ಸುತ್ತಲಿನ ನಾರು ಒಂದು ಕಡೆ ಜಾಸ್ತಿ ಬೆಳೆದು ಗಂಟಾಗುತ್ತದೆ. ಈಸ್ಟ್ರೋಜನ್ ಹಾರ್ಮೋನ್‌ಗೆ ಓಗೊಡುವ ಗಂಟು ಇದು, ಅದಕ್ಕೇ ಗರ್ಭಿಣಿಯಾದಾಗ ದೊಡ್ಡದಾಗಬಹುದು, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಮುದುಡಿಕೊಳ್ಳುತ್ತದೆ. ಬಲಗಡೆಯ ಸಿಂಪಲ್ ಸಿಸ್ಟ್ ಅಂದರೆ ಬರೀ ನೀರು ತುಂಬಿದ ಚೀಲ. 6 ಮಿಮೀಗೆ ಏನೂ ಮಾಡಬೇಕಿಲ್ಲ, ಮರೆತುಬಿಡಿ.

ಮ್ಯಾಮೋಗ್ರಾಮ್, ಅಂದರೆ ಎದೆಯ ಎಕ್ಸ್‌ರೇ, ಈಗ ಬೇಡ. ಚಿಕ್ಕ ವಯಸ್ಸಿನಲ್ಲಿ ಎದೆಯ ಅಂಗಾಂಶ ದಟ್ಟವಾಗಿರುತ್ತದೆ, ಎಕ್ಸ್‌ರೇಯಲ್ಲಿ ಅದೂ ಬಿಳಿ, ಗಂಟೂ ಬಿಳಿ. 30ರ ಒಳಗೆ ಮೊದಲು ಸ್ಕ್ಯಾನ್.

ಇನ್ನು ಸೂಜಿ. ಚುಚ್ಚಿದರೆ ಹರಡುತ್ತದೆ ಅನ್ನೋದನ್ನು ಕೇಳಿ ಕೇಳಿ ಸಾಕಾಗಿದೆ. ಹರಡಲ್ಲ. ಈ ಮಾತು ನಂಬಿ ಟೆಸ್ಟ್ ಮುಂದೂಡಿ, ನಿಜವಾದ ಕ್ಯಾನ್ಸರ್ ಇಟ್ಟುಕೊಂಡು ಲೇಟಾಗಿ ಬರುವವರನ್ನು ನೋಡಿದಾಗ ಸಿಟ್ಟು ಬರುತ್ತದೆ. ಕೈಯಿಂದ ಪರೀಕ್ಷೆ, ಸ್ಕ್ಯಾನ್, ಸೂಜಿ, ಈ ಮೂರೂ ಒಂದೇ ಉತ್ತರ ಕೊಟ್ಟರೆ ಡಯಾಗ್ನೋಸಿಸ್ ತಪ್ಪುವುದು ತೀರಾ ಅಪರೂಪ. ನಿಮ್ಮ ಕೇಸಿನಲ್ಲಿ ಈಗಲೇ ಸೂಜಿ ಬೇಕಾ ಅಂದರೆ, ಲಕ್ಷಣ ಇಷ್ಟು ಸ್ಪಷ್ಟ ಇದ್ದಾಗ, ಅದರಲ್ಲೂ 25ರ ಒಳಗೆ, ಕೆಲವರು ಸ್ಕ್ಯಾನ್ ಮೇಲೇ ಬಿಡುತ್ತಾರೆ. ನೀವು ಇಷ್ಟು ಆತಂಕದಲ್ಲಿದ್ದೀರಿ, ಮನೆಯವರೂ ಆತಂಕದಲ್ಲಿದ್ದಾರೆ, ಹಾಗಿರುವಾಗ ಒಂದು ಕೋರ್ ಬಯಾಪ್ಸಿ ಮಾಡಿಸಿ ಹೆಸರು ಖಚಿತ ಮಾಡಿಕೊಳ್ಳೋದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಎಫ್‌ಎನ್‌ಎಸಿ ಅನ್ನುವ ಸಣ್ಣ ಸೂಜಿಯ ಟೆಸ್ಟ್‌ನಲ್ಲಿ ಬಿಡಿ ಕೋಶಗಳು ಮಾತ್ರ ಬರುತ್ತವೆ, ದಪ್ಪ ಸೂಜಿಯ ಕೋರ್‌ನಲ್ಲಿ ಅಂಗಾಂಶದ ಎಳೆಯೇ ಬರುತ್ತದೆ. ಫಿಲ್ಲೋಡ್ಸ್ ಅಂತ ಇನ್ನೊಂದು ಗೆಡ್ಡೆ ಇದೆ, ನೋಡೋಕೆ ಫೈಬ್ರೋಅಡಿನೋಮಾ ತರಾನೇ, ಬೇಗ ಬೇಗ ಬೆಳೆಯುತ್ತದೆ. ಅದನ್ನು ಎಫ್‌ಎನ್‌ಎಸಿಯಲ್ಲಿ ಬೇರೆ ಮಾಡಿ ಗುರುತಿಸೋದು ಕಷ್ಟ.

ಮನೆಯಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತಾ? ಅಪ್ಪನ ಕಡೆಯದನ್ನೂ ಹೇಳಿ. ಜನ ಅಮ್ಮನ ಕಡೆಯದು ಮಾತ್ರ ಲೆಕ್ಕ ಅಂದುಕೊಳ್ಳುತ್ತಾರೆ.

ಮೈಸೂರಮ್ಮ:

ತಂಗಿ, ಮೊದಲು ಆ ಪ್ಯಾಕೇಜ್ ಚೀಟಿ ಹರಿದು ಹಾಕು. ನಾಳೆನೇ ಅಡ್ಮಿಟ್ ಆಗುವಂಥದ್ದು ಇದರಲ್ಲಿ ಏನೂ ಇಲ್ಲ.

ನನಗೂ ಇದೇ ಆಗಿತ್ತು. ಡಿಗ್ರಿ ಮುಗಿಸಿದ ವರ್ಷ. ನನ್ನದು ಬೆಳೆಯುತ್ತಾ ಹೋಗಿ ಸುಮಾರು ನಾಲ್ಕು ಸೆಂಟಿಮೀಟರ್ ಆಗಿ, ಬಟ್ಟೆ ಮೇಲಿಂದಲೇ ಒಂದು ಕಡೆ ಉಬ್ಬು ಕಾಣುತ್ತಿತ್ತು, ಅದಕ್ಕೆ ತೆಗೆಸಿದೆ. ಮೊಲೆತೊಟ್ಟಿನ ಸುತ್ತ ಕಪ್ಪು ಇರುತ್ತದಲ್ಲ, ಅದರ ಅಂಚಿನಲ್ಲೇ ಕೊಯ್ದು ತೆಗೆದರು, ಗಾಯದ ಗೆರೆ ಈಗ ಹುಡುಕಿದರೂ ಕಾಣಲ್ಲ. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬಂದೆ. ಕೆಲವು ತಿಂಗಳು ಆ ಭಾಗ ಮರಗಟ್ಟಿದ ಹಾಗಿತ್ತು, ಆಮೇಲೆ ಸರಿಹೋಯಿತು. ತೆಗೆದ ಗಂಟನ್ನು ಲ್ಯಾಬ್‌ಗೆ ಕಳಿಸಿದರು. ನೀನು ಎಂದಾದರೂ ತೆಗೆಸಿದರೆ ಬಯಾಪ್ಸಿ ರಿಪೋರ್ಟ್ ಕೈಗೆ ಬರುವ ತನಕ ಬಿಡಬೇಡ.

ಆದರೆ ಕೇಳು, ತೆಗೆಸಿದರೆ ಮುಗಿಯಿತು ಅಂತ ಅಮ್ಮಂದಿರು ಅಂದುಕೊಳ್ಳುತ್ತಾರೆ, ಹಾಗಲ್ಲ. ಎರಡು ವರ್ಷ ಬಿಟ್ಟು ನನಗೆ ಇನ್ನೊಂದು ಕಡೆ ಬಂತು, ಸಣ್ಣದು. ಆಗ ನನ್ನ ಸರ್ಜನ್ ಹೇಳಿದ್ದು, ಬಂದಿದ್ದನ್ನೆಲ್ಲ ಕೊಯ್ಯುತ್ತಾ ಹೋದರೆ ಎದೆ ತುಂಬಾ ಗಾಯದ ಗುರುತೇ ಉಳಿಯುತ್ತದೆ ಅಂತ. ಬಿಟ್ಟೆವು. ಬಸುರಿಯಾದಾಗ ಸ್ವಲ್ಪ ದೊಡ್ಡದಾಯಿತು, ಬಾಣಂತನ ಮುಗಿದ ಮೇಲೆ ಇಳಿಯಿತು. ಮಗುವಿಗೆ ಎರಡೂ ಕಡೆ ಹಾಲು ಕೊಟ್ಟೆ, ಆಪರೇಷನ್ ಆದ ಕಡೆಯೂ. ಗಂಟು ಇದ್ದರೆ ಹಾಲಿಗೆ ತೊಂದರೆ ಇಲ್ಲ. ಬದಲಿಗೆ ತೊಟ್ಟಿನ ಹತ್ತಿರ ಕೊಯ್ದರೆ ಹಾಲಿನ ನಾಳಕ್ಕೆ ಏಟು ಬೀಳುವ ಸಾಧ್ಯತೆ ಸ್ವಲ್ಪ ಇರುತ್ತದೆ, ಆಪರೇಷನ್‌ಗೆ ಮುಂಚೆ ನನಗೂ ಅದನ್ನು ಹೇಳಿದ್ದರು.

ಮದುವೆ ವಿಷಯ. ಅಮ್ಮನಿಗೆ ಬೈಯಬೇಡ, ಅವರ ಭಯ ಗಂಟಿನದ್ದಲ್ಲ, ಬೀಗರ ಬಾಯಿಯದ್ದು. ಗಂಟು ಹೊರಗೆ ಕಾಣಲ್ಲ, ತಾಜಾ ಹೊಲಿಗೆ ಹಾಕಿಸಿಕೊಂಡು ಧಾರೆ ಮಂಟಪದಲ್ಲಿ ಕೂತರೆ ಅದು ಎಲ್ಲರಿಗೂ ಗೊತ್ತಾಗುತ್ತೆ ಅಂತ ಹೇಳು. ನಮ್ಮಮ್ಮನಿಗೆ ಆ ಮಾತು ಚೆನ್ನಾಗಿ ನಾಟಿತ್ತು.

ಮೂಲಿಕೆಮನೆ:

ಆಪರೇಷನ್ ಬೇಡವೇ ಬೇಡ. ನಮ್ಮ ಕಡೆ ಕಷಾಯ ಇದೆ, ಒಂದು ಮಂಡಲ ಕುಡಿದರೆ ಎಂಥ ಗಡ್ಡೆಯಾದರೂ ಕರಗುತ್ತದೆ. ಮೇಲಿಂದ ಎಣ್ಣೆ ತಿಕ್ಕಬೇಕು. ಮೆಸೇಜ್ ಮಾಡಿ.

ಸ್ಕ್ಯಾನ್‌ರೂಮ್:

ಸ್ವಾಮಿ, ಫೈಬ್ರೋಅಡಿನೋಮಾಗಳಲ್ಲಿ ಒಂದಷ್ಟು ಏನೂ ಮಾಡದೆ ತಾವಾಗಿಯೇ ಸಣ್ಣದಾಗುತ್ತವೆ, ಕೆಲವು ಮಾಯವೇ ಆಗುತ್ತವೆ. ಸಿಸ್ಟ್‌ಗಳಂತೂ ಪೀರಿಯಡ್ಸ್ ಜೊತೆಗೆ ಬರುತ್ತವೆ, ಹೋಗುತ್ತವೆ. ಆ ಹೊತ್ತಿಗೆ ಕಷಾಯ ಕುಡಿಯುತ್ತಿದ್ದರೆ ಹೆಸರು ಕಷಾಯಕ್ಕೆ. ಕರಗದೆ ಉಳಿದವರು ವಾಪಸ್ ಬಂದು ನಿಮಗೆ ಹೇಳಲ್ಲ, ನಮ್ಮ ಹತ್ತಿರ ಬರುತ್ತಾರೆ. ಹೆಸರು ಖಚಿತ ಆಗದ ಗಂಟಿನ ಮೇಲೆ ಎಣ್ಣೆ ತಿಕ್ಕುತ್ತಾ ತಿಂಗಳುಗಟ್ಟಲೆ ಕೂರಿಸಬೇಡಿ, ಅಷ್ಟೇ ನನ್ನ ಕೋರಿಕೆ.

ಕಡಲತಡಿ:

ಮಂಗಳೂರಿಂದ. ನನಗೆ 41, ಹಾಗಾಗಿ ನನ್ನ ಕತೆ ಬೇರೆ. ಆದರೆ ಸಿಸ್ಟ್ ಬಗ್ಗೆ ಇಲ್ಲಿ ಯಾರೂ ಜಾಸ್ತಿ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸಿಸ್ಟ್‌ಗಳ ಕಾಟ ಜಾಸ್ತಿ 35 ದಾಟಿದ ಮೇಲೆ. ನನಗೆ ಡೇಟ್‌ಗೆ ಒಂದು ವಾರ ಮುಂಚೆ ಎರಡೂ ಕಡೆ ಭಾರ, ನೋವು, ಮಕ್ಕಳು ಓಡಿ ಬಂದು ಅಪ್ಪಿಕೊಂಡರೆ ಪ್ರಾಣ ಹೋಗುತ್ತಿತ್ತು. ಒಂದು ಸಿಸ್ಟ್ ದೊಡ್ಡದಾಗಿ ಗಟ್ಟಿ ಗಂಟಿನ ತರ ಆಯಿತು. ಸ್ಕ್ಯಾನ್ ನೋಡಿಕೊಂಡೇ ಸಿರಿಂಜ್‌ನಲ್ಲಿ ಎಳೆದರು. ಹಸಿರು ಮಿಶ್ರಿತ ಕಂದು ನೀರು, ನೋಡಿ ಹೆದರಿದೆ, ಅದು ಮಾಮೂಲಿನ ಬಣ್ಣ ಅಂತ ಹೇಳಿದರು. ರಕ್ತ ಬಂದರೆ ಮಾತ್ರ ಲ್ಯಾಬ್‌ಗೆ ಕಳಿಸುತ್ತಾರಂತೆ. ಅಲ್ಲೇ ಗಂಟು ಇಳಿಯಿತು. ವರ್ಷದೊಳಗೆ ಮತ್ತೆ ತುಂಬಿತು, ಮತ್ತೆ ಎಳೆಸಿದೆ. ಒಳಗೆ ಬರೀ ನೀರಿದ್ದರೆ ಚಿಂತೆ ಇಲ್ಲ. ನೀರಿನ ಜೊತೆ ಗಟ್ಟಿ ಭಾಗವೂ ಇದೆ, ಕಾಂಪ್ಲೆಕ್ಸ್ ಸಿಸ್ಟ್ ಅಂತ ರಿಪೋರ್ಟ್ ಬಂದರೆ ಮಾತ್ರ ಬಯಾಪ್ಸಿ ಬಿಡಬಾರದು.

ನೋವಿಗೆ ನನಗೆ ಕೆಲಸ ಮಾಡಿದ್ದು ಎರಡೇ: ಸರಿಯಾದ ಅಳತೆಯ ಬ್ರಾ, ರಾತ್ರಿ ಕೂಡ ಒಂದು ಮೆತ್ತನೆಯದು, ಮತ್ತೆ ಹಚ್ಚುವ ಡೈಕ್ಲೋಫಿನಾಕ್ ಜೆಲ್. ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲ್ ತಿಂಗಳುಗಟ್ಟಲೆ ನುಂಗಿದೆ, ದುಡ್ಡು ದಂಡ.

ಸ್ಕ್ಯಾನ್‌ರೂಮ್:

ಪ್ರಿಮ್‌ರೋಸ್ ಮಾತು ಸರಿ, ಔಷಧಿ ಇಲ್ಲದ ಸಕ್ಕರೆ ಗುಳಿಗೆಯ ಜೊತೆ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಹೆಚ್ಚಿನ ಲಾಭ ಸಿಕ್ಕಿಲ್ಲ. ಆದರೂ ನಮ್ಮಲ್ಲಿ ಚೀಟಿಯಲ್ಲಿ ಬರೆಯೋದು ನಿಂತಿಲ್ಲ.

ಬೆಣ್ಣೆದೋಸೆ24:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರ್ ಮೇಡಂ, ಸೋದರತ್ತೆಗೆ ಸ್ತನ ಕ್ಯಾನ್ಸರ್ ಆಗಿತ್ತು, ಆಗ ಅವರಿಗೆ ಅರವತ್ತರ ಹತ್ತಿರ. ಈಗ ಚೆನ್ನಾಗಿದ್ದಾರೆ. ಬೇರೆ ಯಾರಿಗೂ ಇಲ್ಲ. ಇದರಿಂದ ಏನಾದರೂ ಬದಲಾಗುತ್ತಾ? ಇನ್ನೊಂದು, ಕಸಿನ್ ಒಬ್ಬಳು ಸಹೇಲಿ ಮಾತ್ರೆ ತಗೊಂಡರೆ ಗಂಟು ಕರಗುತ್ತೆ ಅಂತ ಹೇಳಿದಳು. ಅದು ಮಕ್ಕಳಾಗದಿರೋಕೆ ತಗೊಳ್ಳೋ ಮಾತ್ರೆ ಅಲ್ವಾ?

ಸ್ಕ್ಯಾನ್‌ರೂಮ್:

ಅರವತ್ತರ ಹತ್ತಿರ ಬಂದ ಒಬ್ಬ ಅತ್ತೆ ಮಾತ್ರ ಅಂದರೆ ಲೆಕ್ಕ ಅಷ್ಟೇನೂ ಬದಲಾಗಲ್ಲ. ಅಮ್ಮ, ಅಕ್ಕತಂಗಿಗೆ ಐವತ್ತರ ಒಳಗೆ ಬಂದಿದ್ದರೆ, ಅಥವಾ ಒಂದೇ ಕಡೆ ಇಬ್ಬರು ಮೂವರಿಗೆ ಬಂದಿದ್ದರೆ ಮಾತು ಬೇರೆ. ಆದರೂ ಸರ್ಜನ್‌ಗೆ ಹೇಳಿ, ಬರೆದುಕೊಳ್ಳಲಿ.

ಸಹೇಲಿ ವಿಷಯ ಪೂರ್ತಿ ಸುಳ್ಳಲ್ಲ. ಅದರೊಳಗಿನ ಔಷಧಿ ಸೆಂಟ್‌ಕ್ರೋಮಾನ್, ಲಕ್ನೋದ ಸಿಡಿಆರ್‌ಐ ಅನ್ನುವ ಸರ್ಕಾರಿ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದದ್ದು, 1991ರಲ್ಲಿ ಮಾರುಕಟ್ಟೆಗೆ ಬಂತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಛಾಯಾ ಅನ್ನುವ ಹೆಸರಲ್ಲಿ ಫ್ರೀ ಕೊಡುತ್ತಾರೆ. ಅದು ಸ್ಟೀರಾಯ್ಡ್ ಹಾರ್ಮೋನ್ ಅಲ್ಲ, ಎದೆಯಲ್ಲಿ ಈಸ್ಟ್ರೋಜನ್ ಕೆಲಸಕ್ಕೆ ಅಡ್ಡ ಹಾಕುತ್ತದೆ. ಹಾಗಾಗಿ ನಮ್ಮ ದೇಶದ ಸರ್ಜನ್‌ಗಳು ಎದೆ ನೋವಿಗೆ ಇದನ್ನು ಕೊಡುತ್ತಾರೆ, ನೋವಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಗಂಟು ಕೆಲವರಲ್ಲಿ ಸಣ್ಣದಾಗುತ್ತದೆ, ಕೆಲವರಲ್ಲಿ ಅಲ್ಲಾಡಲ್ಲ. ಪೀರಿಯಡ್ಸ್ ಮುಂದಕ್ಕೆ ಹೋಗೋದು ಇದರ ಸಾಮಾನ್ಯ ಕಾಟ. ಪಿಸಿಒಡಿ, ಲಿವರ್ ತೊಂದರೆ ಇದ್ದವರಿಗೆ ಕೊಡಲ್ಲ. ನೋವೇ ಇಲ್ಲದ ನಿಮಗೆ ಯಾಕೆ? ಕಸಿನ್ ಹೇಳಿದರು ಅಂತ ಅಂಗಡಿಯಿಂದ ತಂದು ನುಂಗಬೇಡಿ.

ಕ್ಲೈಮ್‌ಕೃಷ್ಣ:

ನಾನು ಇನ್ಶೂರೆನ್ಸ್ ಕ್ಲೈಮ್ ಕೆಲಸದಲ್ಲಿದ್ದೇನೆ, ಗಂಡಸು, ವೈದ್ಯಕೀಯ ಮಾತಿಗೆ ಬರಲ್ಲ. ದುಡ್ಡಿನ ಮಾತು ಮಾತ್ರ. ಮುಂದೆ ತೆಗೆಸುವ ಹಾಗಾದರೆ ಅಡ್ಮಿಟ್ ಆಗುವ ಮುಂಚೆ ಪಾಲಿಸಿ ಓದಿ. ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವಿನಿ ಪಾಲಿಸಿ ಇದೆಯಲ್ಲ, ಅದರಲ್ಲಿ 24 ತಿಂಗಳು ಕಾಯಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಕ್ಯಾನ್ಸರ್ ಅಲ್ಲದ ಸ್ತನದ ಗಂಟು ಅಂತ ಹೆಸರಿಟ್ಟೇ ಬರೆದಿದ್ದಾರೆ. ಬೇರೆ ಪಾಲಿಸಿಗಳಲ್ಲೂ ಇಂಥದ್ದೇ ಷರತ್ತು ಸಾಮಾನ್ಯ. ಕಂಪನಿ ಕೊಡುವ ಗ್ರೂಪ್ ಪಾಲಿಸಿಯಲ್ಲಿ ಈ ಕಾಯುವ ಅವಧಿ ಎಷ್ಟೋ ಸಲ ಇರಲ್ಲ, ಎಚ್‌ಆರ್ ಹತ್ತಿರ ಕೇಳಿ. ಇಎಸ್‌ಐ ಕಾರ್ಡ್ ಇದ್ದರೆ ಅಲ್ಲೂ ನೋಡಬಹುದು. ಹೊಸ ಪಾಲಿಸಿ ಮಾಡಿಸುವಾಗ ಈ ಸ್ಕ್ಯಾನ್ ರಿಪೋರ್ಟ್ ಮುಚ್ಚಿಡಬೇಡಿ. ಮುಚ್ಚಿಟ್ಟರೆ ನಾಳೆ ಬೇರೆ ಯಾವುದೋ ದೊಡ್ಡ ಕ್ಲೈಮ್ ಬಂದಾಗ ಇದನ್ನೇ ಎತ್ತಿ ತೋರಿಸುತ್ತಾರೆ.

ಮೈಸೂರಮ್ಮ:

ದುಡ್ಡಿನದ್ದೇ ಚಿಂತೆಯಾದರೆ ಸರ್ಕಾರಿ ಆಸ್ಪತ್ರೆ ಯಾಕೆ ಬೇಡ? ನಮ್ಮ ಕೆ.ಆರ್. ಆಸ್ಪತ್ರೆ, ಬೆಂಗಳೂರಲ್ಲಿ ವಿಕ್ಟೋರಿಯಾ, ಬೌರಿಂಗ್, ಎಲ್ಲ ಕಡೆ ಸರ್ಜರಿ ಓಪಿಡಿ ಇದೆ. ಕ್ಯೂ ಇರುತ್ತದೆ, ಗದ್ದಲ ಇರುತ್ತದೆ, ಆದರೆ ಅಲ್ಲಿಯವರು ಇಂಥ ಗಂಟು ದಿನಾ ನೋಡಿರುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಬಗ್ಗೆ ಅಲ್ಲೇ ಆರೋಗ್ಯಮಿತ್ರ ಕೌಂಟರ್‌ನಲ್ಲಿ ವಿಚಾರಿಸು. ಗಂಡಸು ಡಾಕ್ಟರ್ ಪರೀಕ್ಷೆ ಮಾಡುವುದಾದರೆ ಪಕ್ಕದಲ್ಲಿ ನರ್ಸ್ ಇರಲಿ ಅಂತ ಕೇಳು, ಅದು ನಿನ್ನ ಹಕ್ಕು, ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಬೆಣ್ಣೆದೋಸೆ24:

ಅಪ್‌ಡೇಟ್. ಬೇರೆ ಕಡೆ ಒಬ್ಬರು ಲೇಡಿ ಸರ್ಜನ್ ಹತ್ತಿರ ಹೋಗಿದ್ದೆ, ಅಮ್ಮನನ್ನೂ ಕರೆದುಕೊಂಡು. ಮಲಗಿಸಿ, ಕೂರಿಸಿ, ಕೈ ಮೇಲೆತ್ತಿಸಿ ಎರಡೂ ಕಡೆ ಮತ್ತೆ ಕಂಕುಳು ನೋಡಿದರು. ಕೋರ್ ಬಯಾಪ್ಸಿ ಆಯಿತು. ಮರಗಟ್ಟಿಸುವ ಇಂಜೆಕ್ಷನ್ ಉರಿಯಿತು, ಆಮೇಲೆ ನೋವು ಗೊತ್ತಾಗಲಿಲ್ಲ, ಟಪ್ ಅಂತ ಸದ್ದು ಬಂದಾಗ ಮಾತ್ರ ಬೆಚ್ಚಿಬಿದ್ದೆ. ಮೊದಲೇ ಒಂದು ಸಲ ಆ ಸದ್ದು ಕೇಳಿಸಿದರು, ಒಳ್ಳೆಯದಾಯಿತು. ಫಾರ್ಮಲಿನ್ ಡಬ್ಬಿಯಲ್ಲಿ ಬಿಳಿ ದಾರದ ತುಂಡು ತರ ಕಂಡಿತು. ರಿಪೋರ್ಟ್ ಬಂತು, ಫೈಬ್ರೋಅಡಿನೋಮಾನೇ. ಬೇರೆ ಏನೂ ಇಲ್ಲ!

ತೆಗೆಯಬೇಕಿಲ್ಲ, ಆರು ತಿಂಗಳಿಗೆ ಮತ್ತೆ ಸ್ಕ್ಯಾನ್, ಆಮೇಲೆ ಒಂದು ವರ್ಷಕ್ಕೆ, ಎರಡು ವರ್ಷಕ್ಕೆ ಅಂದರು. ಅಮ್ಮ ಅಲ್ಲೇ "ಮೇಡಂ, ಮದುವೆ ಇದೆ" ಅಂದರು. ಅದಕ್ಕೆ ಅವರು "ಮಾಡಿ ಅಮ್ಮ, ನಾನೇನು ಬೇಡ ಅಂದೆನಾ" ಅಂದುಬಿಟ್ಟರು. ಬೆಳೆದರೆ ವ್ಯಾಕ್ಯೂಮ್ ಸೂಜಿಯಲ್ಲಿ ತೆಗೆಯುವ ವಿಧಾನ ಇದೆ, ಸುಮಾರು 3 ಸೆಂಟಿಮೀಟರ್ ತನಕದ್ದಕ್ಕೆ ಆಗುತ್ತದೆ, ಗುರುತು ಕೆಲವು ಮಿಲಿಮೀಟರ್ ಅಷ್ಟೇ, ಖರ್ಚು ಜಾಸ್ತಿ ಅಂತಲೂ ಹೇಳಿದರು. ಹುಡುಗನಿಗೆ ನಾನೇ ಹೇಳಿದೆ, ರಿಪೋರ್ಟ್ ಕಳಿಸು ಅಂದ, ಓದಿ "ಇಷ್ಟೇನಾ" ಅಂದ. ಅವರ ಮನೆಯವರಿಗೆ ಹೇಳೋ ಅಗತ್ಯ ನಮ್ಮಿಬ್ಬರಿಗೂ ಕಾಣಲಿಲ್ಲ.

ಈಗ ಎರಡು ಪ್ರಶ್ನೆ. ಬೆಳೆಯಿತು ಅಂತ ಯಾವಾಗ ಅಂದುಕೊಳ್ಳಬೇಕು? ಮತ್ತೆ ಸೂಜಿ ಚುಚ್ಚಿದ ಜಾಗ ನೀಲಿಗಟ್ಟಿದೆ, ಒಳಗೆ ಗಟ್ಟಿಯಾದ ಹಾಗಿದೆ, ಇದು ಮಾಮೂಲಿನಾ?

ಸ್ಕ್ಯಾನ್‌ರೂಮ್:

ಒಳ್ಳೆಯದಾಯಿತು. ಆರು ತಿಂಗಳಲ್ಲಿ ಅಳತೆ ಶೇ. 20ಕ್ಕಿಂತ ಜಾಸ್ತಿ ಹೆಚ್ಚಿದರೆ ನಾವು ಬೆಳೆದಿದೆ ಅನ್ನುತ್ತೇವೆ. ನಿಮ್ಮ 22 ಮಿಮೀ ಮುಂದಿನ ಸಲ 24 ಬಂದರೆ ಗಾಬರಿ ಬೇಡ. ಪ್ರೋಬ್ ಹಿಡಿಯುವ ಕೈ ಬದಲಾದರೂ ಅಷ್ಟು ವ್ಯತ್ಯಾಸ ಬರುತ್ತದೆ. ಅದಕ್ಕೇ ಆದಷ್ಟು ಅದೇ ಜಾಗದಲ್ಲಿ ಮಾಡಿಸಿ, ಹಳೆಯ ರಿಪೋರ್ಟ್, ಸ್ಕ್ಯಾನ್ ಚಿತ್ರಗಳು, ಬಯಾಪ್ಸಿ ಹಾಳೆ ಎಲ್ಲ ತಪ್ಪದೆ ಕೈಯಲ್ಲಿ ಹಿಡಿದು ಹೋಗಿ. ಮದುವೆಯಾಗಿ ಬೇರೆ ಊರಿಗೆ ಹೋದರೆ ಫೈಲ್ ಜೊತೆಗೇ ಇರಲಿ, ತವರುಮನೆ ಬೀರುವಿನಲ್ಲಿ ಬಿಟ್ಟು ಬರಬೇಡಿ. ಗರ್ಭಿಣಿಯಾದರೆ ಸ್ತ್ರೀರೋಗ ತಜ್ಞೆಗೆ ಗಂಟಿನ ವಿಷಯ ಮೊದಲೇ ಹೇಳಿ.

ದಿನಾ ಒತ್ತಿ ಒತ್ತಿ ನೋಡಬೇಡಿ, ಬದಲಾವಣೆ ಗೊತ್ತೇ ಆಗಲ್ಲ. ತಿಂಗಳಿಗೊಂದು ಸಲ ಸಾಕು, ಪೀರಿಯಡ್ಸ್ ಮುಗಿದ ಮೇಲೆ. ಗಂಟು ಬೇಗ ಬೇಗ ಬೆಳೆದರೆ, ಜಾರುತ್ತಿದ್ದದ್ದು ಒಂದೇ ಕಡೆ ಅಂಟಿಕೊಂಡರೆ, ಮೇಲಿನ ಚರ್ಮ ಗುಳಿ ಬಿದ್ದರೆ, ತೊಟ್ಟು ಒಳಗೆ ಎಳೆದುಕೊಂಡರೆ, ತೊಟ್ಟಿನಿಂದ ರಕ್ತ ಬಂದರೆ, ಕಂಕುಳಲ್ಲಿ ಗಂಟು ಸಿಕ್ಕರೆ ಆರು ತಿಂಗಳು ಕಾಯದೆ ತಕ್ಷಣ ಹೋಗಿ.

ನೀಲಿಗಟ್ಟಿರೋದು ಮಾಮೂಲು. ಒಳಗೆ ಸ್ವಲ್ಪ ರಕ್ತ ನಿಂತು ಗಟ್ಟಿ ಅನಿಸುತ್ತದೆ, ಒಂದೆರಡು ವಾರದಲ್ಲಿ ಹಳದಿಯಾಗಿ ಹೋಗುತ್ತದೆ. ಬಿಗಿಯಾದ ಬ್ರಾ ಹಾಕಿಕೊಳ್ಳಿ, ನೋವಿದ್ದರೆ ಪ್ಯಾರಾಸಿಟಮಾಲ್. ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅಥವಾ ಊತ ಏರುತ್ತಾ ಹೋದರೆ ಮಾಡಿದವರಿಗೆ ಅವತ್ತೇ ತೋರಿಸಿ.

ಬೆಣ್ಣೆದೋಸೆ24:

ಜ್ವರ ಇಲ್ಲ, ಊತವೂ ಇಲ್ಲ. ಫೋಟೋ ತೆಗೆದ ರಿಪೋರ್ಟ್‌ಗಳನ್ನೆಲ್ಲ ಮೇಲ್ ಮಾಡಿಕೊಂಡಿದ್ದೇನೆ, ಅಸಲು ಫೈಲ್ ಪಿಜಿ ಕಪಾಟಿನಲ್ಲಿದೆ. ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಅಕ್ಕ. ಆರು ತಿಂಗಳ ಸ್ಕ್ಯಾನ್ ಆದ ಮೇಲೆ ಇಲ್ಲೇ ಬರೆಯುತ್ತೇನೆ.